ಕೊಡದೇ ಹೋದ ಒಂದು ನಿಮಿಷ

ಯಾರಾದರೂ ಕಾರು ಹಿಂದಕ್ಕೆ ತೆಗೆಯುತ್ತಿರುವುದು ಕಂಡರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ, ಕೈ ತಾನಾಗಿ ಮೇಲೇಳುತ್ತದೆ. ‘ಬನ್ನಿ ಬನ್ನಿ, ರೈಟ್ ಕಟ್ ಮಾಡಿ, ಇನ್ನೂ ಇದೆ, ಇನ್ನೂ ಇದೆ, ಹಾಂ ಸಾಕು’ ಎಂದು ಬಾಯಿ ಹೇಳತೊಡಗುತ್ತದೆ. ನನಗೆ ಕಾರು ಓಡಿಸಲು ಬರುವುದಿಲ್ಲ ಎನ್ನುವುದನ್ನು ಈಗಲೇ ಹೇಳಿಬಿಡುತ್ತೇನೆ. ಸ್ಕೂಟರನ್ನೇ ಕಲಿತದ್ದು ಮದುವೆಯಾದ ಮೇಲೆ, ಅದೂ ಹೆಂಡತಿಯ ತಮ್ಮನಿಂದ. ಆದರೆ ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ಎರಡೂ ಕಡೆ ಕಾರುಗಳು ನಿಂತು ನಡುವೆ ಒಂದು ಆಟೊ ನುಸುಳುವಷ್ಟೇ ಜಾಗ ಉಳಿದಿರುವುದರಿಂದ ನನ್ನ ಸೇವೆಗೆ ಬಿಡುವೆಂಬುದಿಲ್ಲ. ಮೊನ್ನೆ ನನ್ನ ‘ಇನ್ನೂ ಇದೆ’ಯನ್ನು ನಂಬಿದ ಹೆಣ್ಣುಮಗಳೊಬ್ಬಳ ಕಾರಿನ ಹಿಂದಿನ ದೀಪ ಎದುರುಮನೆಯ ಹೂಕುಂಡಕ್ಕೆ ತಾಗಿ ಒಡೆಯಿತು. ಆಕೆ ಇಳಿದು ದೀಪ ನೋಡಿದಳು, ಕುಂಡ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಅಂಕಲ್, ನಿಮಗೆ ಡ್ರೈವಿಂಗ್ ಬರತ್ತಾ?”

“ಇಲ್ಲಮ್ಮ.”

“ಮತ್ತೆ?”

ನಾನು ಹೂಕುಂಡವನ್ನು ಗೋಡೆಯ ಕಡೆಗೆ ಸರಿಸಿ ಜಾಗ ಖಾಲಿ ಮಾಡಿದೆ. ಮನೆಗೆ ಬಂದು ಪದ್ಮಳಿಗೆ ಹೇಳಿದರೆ ಅವಳು ಹುರುಳಿಕಾಯಿಯ ನಾರು ತೆಗೆಯುತ್ತಾ, ಮುಖ ಎತ್ತದೆ, “ನಿಮ್ಮ ಮಾತು ಕೇಳಿ ಒಡೆದದ್ದು ದೀಪ ಒಂದೇ ಆಗಿದ್ರೆ ಚೆನ್ನಾಗಿತ್ತು” ಎಂದಳು. ಮೂವತ್ತು ವರ್ಷ ಒಟ್ಟಿಗೆ ಬಾಳಿದ ಹೆಂಡತಿಗೆ ಗಂಡನನ್ನು ಎಲ್ಲಿ ಚಿವುಟಿದರೆ ನೋಯುತ್ತದೆಂದು ತಿಳಿದಿರುತ್ತದೆ. ಅವಳು ಹೇಳಿದ್ದು ಯಾವುದರ ಬಗ್ಗೆ ಎಂದು ನನಗೆ ಗೊತ್ತಾಯಿತು. ನಿಮಗೂ ಹೇಳಬೇಕು, ಆದರೆ ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ. ನೇರವಾಗಿ ಹೇಳುವ ಧೈರ್ಯವಿದ್ದಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ.

ಆಡಲು ಬಾರದವನು ಆಡುವವನಿಗೆ ಬುದ್ಧಿ ಹೇಳುವ ಈ ಚಟ ನನಗೆ ಅಂಟಿದ್ದು ರಾಜಾಜಿನಗರದಲ್ಲಿ. ನಮ್ಮಪ್ಪ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಸಂಜೆ ಸೈರನ್ ಕೂಗಿದ ಅರ್ಧ ಗಂಟೆಗೆ ನಮ್ಮ ಬೀದಿಯೆಲ್ಲ ಒಂದೇ ಬಣ್ಣದ ಅಂಗಿಗಳಿಂದ ತುಂಬುತ್ತಿತ್ತು, ಜೊತೆಗೆ ಗ್ರೀಸಿನ ವಾಸನೆ. ಮೈದಾನದಲ್ಲಿ ಕಾರ್ಖಾನೆಯ ತಂಡಗಳು ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದವು. ನೆಲವೆಂದರೆ ಮಣ್ಣನ್ನು ಸಗಣಿ ಹಾಕಿ ಗಟ್ಟಿ ಮಾಡಿದ್ದು. ಬುಟ್ಟಿಗೆ ಬಲೆ ಇರುತ್ತಿರಲಿಲ್ಲ, ಕಂಬಿ ಮಾತ್ರ. ಹೀಗಾಗಿ ಚೆಂಡು ಒಳಗೆ ಹೋಯಿತೋ ಪಕ್ಕದಿಂದ ಹೋಯಿತೋ ಎಂಬ ಜಗಳ ದಿನಾ ನಡೆಯುತ್ತಿತ್ತು. ನಾವು ಹುಡುಗರು ಮೋಟುಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತು ಹುರಿಗಡಲೆ ತಿನ್ನುತ್ತಾ ಹಿರಿಯರ ಬೈಗುಳ ಕಲಿಯುತ್ತಿದ್ದೆವು. ಆಟದ ನಿಯಮಗಳೆಲ್ಲ ನನಗೆ ಗೊತ್ತಾದದ್ದು ಬೈಗುಳಗಳ ಮೂಲಕವೇ. ‘ಲೇ ಸೋಂಬೇರಿ, ಮೂರು ಸೆಕೆಂಡಿಗಿಂತ ಜಾಸ್ತಿ ಅಲ್ಲಿ ನಿಲ್ಬಾರ್ದು ಕಣೋ’ ಎಂದು ಕೇಳಿಸಿದಾಗ ಮೂರು ಸೆಕೆಂಡಿನ ನಿಯಮ ತಿಳಿಯಿತು.

ನಾನು ಆಡಿದ್ದು ಒಂದೇ ಸಲ. ಯಾರೋ ಎಸೆದ ಚೆಂಡು ನೆಟ್ಟಗೆ ಬೆರಳ ತುದಿಗೆ ಬಡಿದು ಬೆರಳು ಬದನೆಕಾಯಿಯ ಹಾಗೆ ಊದಿತು. ಅಮ್ಮ ಅರಿಶಿನ ಸುಣ್ಣ ಹಚ್ಚಿ, ಅಪ್ಪನ ಹಳೇ ಪಂಚೆಯ ಅಂಚು ಹರಿದು ಕಟ್ಟಿದಳು. ಅಲ್ಲಿಗೆ ಆಟಗಾರನ ಬಾಳು ಮುಗಿದು ವಿಮರ್ಶಕನ ಬಾಳು ಶುರುವಾಯಿತು. ಅಪ್ಪ ಮಾತ್ರ ಗೋಡೆಯ ಪಕ್ಕ ನಿಂತು ಸುಮ್ಮನೆ ನೋಡುತ್ತಿದ್ದರು. ಒಮ್ಮೆ ನಾನೂ ಎಲ್ಲರಂತೆ ಒಬ್ಬನಿಗೆ ‘ಅಯ್ಯೋ ದಂಡಪಿಂಡ’ ಎಂದು ಕೂಗಿದಾಗ ಅಪ್ಪ ಹತ್ತಿರ ಬಂದು ಮೆಲ್ಲಗೆ, “ಅವ್ನು ಬೆಳಗಿಂದ ಲೇತ್ ಮುಂದೆ ನಿಂತು ಬಂದಿದಾನೆ ಕಣೋ. ಆಡ್ತಾನಲ್ಲ, ಅದೇ ಹೆಚ್ಚು” ಎಂದಿದ್ದರು. ಅಪ್ಪನಿಗೆ ಆಟದ ರುಚಿಯೇ ಗೊತ್ತಿಲ್ಲ ಎಂದು ನನಗೆ ಆಗ ಮರುಕವಾಗಿತ್ತು.

ದೊಡ್ಡವನಾಗಿ ನಾನು ವಿಜಯನಗರದ ಕಡೆಯ ಒಂದು ಕಾಲೇಜಿನ ಲೈಬ್ರರಿಯಲ್ಲಿ ಸಹಾಯಕನಾದೆ. ಕ್ಯಾಟಲಾಗ್ ಕಾರ್ಡುಗಳನ್ನು ಬರೆದು ಬರೆದು ಅಕ್ಷರ ದುಂಡಗಾಗಿತ್ತು. ಅದನ್ನು ನೋಡಿದ ಯಾರೋ ಕಾಲೇಜಿನ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಿಗೆ ಸ್ಕೋರ್ ಬರೆಯಲು ನನ್ನನ್ನು ಕೂರಿಸಿದರು. ಕೋರ್ಟಿನ ಪಕ್ಕದಲ್ಲಿ ಒಂದು ಮೇಜು, ನನ್ನ ಮುಂದೆ ಸ್ಕೋರ್ ಶೀಟು, ಪಕ್ಕದಲ್ಲಿ ಗಡಿಯಾರ ಮತ್ತು ಬಝರ್ ನೋಡಿಕೊಳ್ಳುವ ಇನ್ನೊಬ್ಬರು. ನಮ್ಮ ಬೆನ್ನ ಹಿಂದೆ ಸಿಮೆಂಟ್ ಮೆಟ್ಟಿಲುಗಳು. ಆ ಮೆಟ್ಟಿಲುಗಳ ಮೇಲೆ ನಮ್ಮ ಅಭಿಮಾನಿ ಬಳಗ. ಹಳೇ ವಿದ್ಯಾರ್ಥಿಗಳು, ಅತ್ತಿಗುಪ್ಪೆಯಿಂದ ನಡೆದು ಬರುವ ನಿವೃತ್ತರು, ಮತ್ತು ಎಲ್ಲರಿಗೂ ಮುಖಂಡನಾಗಿ ಗೇಟಿನೆದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಚಂದ್ರು. ಪಂದ್ಯವಿದ್ದ ದಿನ ಚಂದ್ರು ಅಂಗಡಿಯ ಬಾಗಿಲು ಅರ್ಧ ಎಳೆದು ಬಂದು ನನ್ನ ಬೆನ್ನಿಗೆ ಸರಿಯಾಗಿ ಮೂರನೇ ಮೆಟ್ಟಿಲಲ್ಲಿ ಕೂರುತ್ತಿದ್ದ. ಸ್ಕೋರ್ ಬರೆಯುವವನು ಯಾರ ಪಕ್ಷವೂ ಆಗಿರಬಾರದು, ಆದರೆ ನಾನು ಕೈಯಲ್ಲಿ ಶೀಟು ಹಿಡಿದುಕೊಂಡೇ ಮೂರನೇ ಮೆಟ್ಟಿಲಿನ ಸದಸ್ಯನಾಗಿದ್ದೆ.

ಕೋಚ್ ಮುನಿರಾಜು. ಕೆಂಗೇರಿಯಿಂದ ಬರುತ್ತಿದ್ದರು, ಆರೂವರೆಗೆ ಅಭ್ಯಾಸವೆಂದರೆ ಆರಕ್ಕೇ ಕೋರ್ಟಿನಲ್ಲಿರುತ್ತಿದ್ದರು. ಯಾರು ಎಲ್ಲಿ ನಿಲ್ಲಬೇಕೆಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ತೋರಿಸಿ, ಅಭ್ಯಾಸ ಮುಗಿದ ಮೇಲೆ ತಾವೇ ಬಕೆಟ್ಟು ತಂದು ತೊಳೆಯುತ್ತಿದ್ದರು. ಬೆಳಗಿನ ಸರದಿಯಲ್ಲಿ ನಾನಿದ್ದಾಗ ತುಂತುರು ಬಿದ್ದರೆ ಲೈಬ್ರರಿಗೆ ಬಂದು, “ಸಾರ್, ಹಳೇ ಪೇಪರ್ ಇದ್ರೆ ಕೊಡ್ತೀರಾ, ನೆಲ ಒರೆಸ್ಬೇಕು, ಮಕ್ಕಳು ಜಾರ್ತಾರೆ” ಎಂದು ಕೇಳುತ್ತಿದ್ದರು. ನಾನು ಕಟ್ಟು ಬಿಚ್ಚಿ ಕೊಡುತ್ತಿದ್ದೆ. ಇದೆಲ್ಲ ನಾನು ಕಣ್ಣಾರೆ ಕಂಡದ್ದು. ಆದರೂ ಸಂಜೆ ಮೂರನೇ ಮೆಟ್ಟಿಲಿನ ಹತ್ತಿರ ಹೋದರೆ ನನಗೆ ಬೆಳಗ್ಗೆ ಕಂಡದ್ದು ನೆನಪಿರುತ್ತಿರಲಿಲ್ಲ.

ಅವರ ಮೇಲೆ ನಮಗಿದ್ದ ಮುಖ್ಯ ದೂರು ಅವರು ಕೂಗುವುದಿಲ್ಲ ಎನ್ನುವುದು. ಬೇರೆ ಕಾಲೇಜಿನ ಕೋಚುಗಳು ಗೆರೆಯ ಪಕ್ಕ ಓಡಾಡುತ್ತಾ ಗಂಟಲು ಹರಿಯುವಂತೆ ಅರಚುತ್ತಿದ್ದರೆ ನಮ್ಮವರು ಕೈಕಟ್ಟಿ ನಿಂತಿರುತ್ತಿದ್ದರು. ಹುಡುಗಿಯೊಬ್ಬಳು ತಪ್ಪು ಮಾಡಿ ಹೊರಗೆ ಬಂದರೆ ಪಕ್ಕದಲ್ಲಿ ಕೂರಿಸಿಕೊಂಡು ಕಿವಿಯಲ್ಲಿ ಏನೋ ಹೇಳುತ್ತಿದ್ದರು. “ಏನ್ ಗುರು, ಆಟ ಹೇಳ್ಕೊಡ್ತಾ ಇದಾನೋ ಹರಿಕಥೆ ಹೇಳ್ತಾ ಇದಾನೋ” ಎಂದು ಚಂದ್ರು ಕೇಳಿದರೆ ಮೆಟ್ಟಿಲೆಲ್ಲ ನಗುತ್ತಿತ್ತು. ಸಾಲುಸಾಲಾಗಿ ಸೋಲುತ್ತಿದ್ದೆವು ಎನ್ನುವುದು ನಿಜ. ಯಾಕೆ ಸೋಲುತ್ತಿದ್ದೆವು ಎನ್ನುವುದು ಲೈಬ್ರರಿಯಲ್ಲಿ ಕೂತವನಿಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿರಬೇಕಿತ್ತು. ಮೊದಲ ವರ್ಷ ಚೆಂಡು ಹಿಡಿಯಲೂ ಬಾರದೆ ಬಂದ ಹುಡುಗಿಯನ್ನು ಮುನಿರಾಜು ತಿದ್ದಿ ತೀಡಿ ಆಟಗಾರ್ತಿ ಮಾಡುತ್ತಿದ್ದರು. ಅವಳು ಎರಡು ಪಂದ್ಯದಲ್ಲಿ ಮಿಂಚುತ್ತಲೇ ದೊಡ್ಡ ಕಾಲೇಜಿನವರು ಬಂದು ಹಾಸ್ಟೆಲ್ಲು, ಬೂಟು, ಕೋಟಾ ಎಂದು ಆಸೆ ತೋರಿಸಿ ಕರೆದೊಯ್ಯುತ್ತಿದ್ದರು. ಹೋಗುವ ಮುಂಚೆ ಆ ಹುಡುಗಿಯರು ಪುಸ್ತಕ ಹಿಂದಿರುಗಿಸಲು ಬರುತ್ತಿದ್ದದ್ದು ನನ್ನ ಮೇಜಿಗೇ. ಮುನಿರಾಜು ಮತ್ತೆ ಚೆಂಡು ಹಿಡಿಯಲು ಬಾರದವರಿಂದ ಶುರು ಮಾಡುತ್ತಿದ್ದರು. ನಾವು ಮೆಟ್ಟಿಲ ಮೇಲಿಂದ, ‘ಈ ಮನುಷ್ಯ ಒಂದು ಟೀಮ್ ಕಟ್ಟಲಾರ’ ಎಂದು ತೀರ್ಪು ಕೊಡುತ್ತಿದ್ದೆವು.

ಕರೆದರೂ ಹೋಗದೆ ಉಳಿದವಳು ರಮ್ಯಾ ಒಬ್ಬಳು. ಬಾಪೂಜಿ ನಗರದ ಹುಡುಗಿ, ತಂಡದ ಕ್ಯಾಪ್ಟನ್. ನನ್ನನ್ನು ‘ಲೈಬ್ರರಿ ಸಾರ್’ ಎನ್ನುತ್ತಿದ್ದಳು. ಪಂದ್ಯಗಳ ದಿನಗಳಲ್ಲಿ ಪುಸ್ತಕ ತಡವಾದರೆ ನಾನೇ ಅವಧಿ ಮುಂದುವರಿಸಿ ಬರೆದುಕೊಳ್ಳುತ್ತಿದ್ದೆ. ಅವಳಿಗೆ ನನ್ನ ಮೇಲೆ ಸ್ವಲ್ಪ ಅಭಿಮಾನವಿತ್ತು ಎಂದುಕೊಂಡರೆ ಅದು ನನ್ನ ಜಂಬ ಅಲ್ಲ. ಯಾಕಲ್ಲ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಎರಡು ವರ್ಷದ ಹಿಂದೆ ನಮ್ಮ ಕೋರ್ಟಿನಲ್ಲೇ ಅಂತರ ಕಾಲೇಜು ಪಂದ್ಯಾವಳಿ ನಡೆಯಿತು. ಮುನಿರಾಜು ಅವರ ಒಪ್ಪಂದ ಮುಂದುವರಿಸುವುದೋ ಬೇಡವೋ ಎಂದು ಆಡಳಿತ ಮಂಡಳಿ ಕೂತು ಯೋಚಿಸುತ್ತಿತ್ತು, ಈ ಸಲ ಸೆಮಿಫೈನಲ್ಲಿಗೆ ಹೋದರೆ ಉಳಿಯುತ್ತಾರೆ ಎಂಬ ಮಾತಿತ್ತು. ಕ್ವಾರ್ಟರ್ ಫೈನಲ್ ದಿನ ನಮ್ಮ ಹುಡುಗಿಯರು ಎಲ್ಲರ ಹುಬ್ಬೇರುವಂತೆ ಆಡಿದರು. ಮೂರು ನಿಮಿಷ ಉಳಿದಿದ್ದಾಗ ಒಂಬತ್ತು ಪಾಯಿಂಟ್ ಮುಂದಿದ್ದೆವು. ಆಗ ಎದುರು ತಂಡದ ಎತ್ತರದ ಹುಡುಗಿಯೊಬ್ಬಳು ಮೇಲಿಂದ ಮೇಲೆ ಎರಡು ಬುಟ್ಟಿ ಹಾಕಿದಳು. ನಮ್ಮ ಹುಡುಗಿಯರ ಮುಖದಲ್ಲಿ ಗಾಬರಿ ಕಾಣಿಸಿತು.

ಬ್ಯಾಸ್ಕೆಟ್‌ಬಾಲಿನಲ್ಲಿ ಟೈಮ್ ಔಟ್ ಎಂದು ಒಂದು ನಿಮಿಷದ ವಿರಾಮವಿದೆ. ಆಟಗಾರರು ಕೇಳುವಂತಿಲ್ಲ. ಕೋಚು ತಾವೇ ನಮ್ಮ ಮೇಜಿಗೆ ಬಂದು ಕೇಳಬೇಕು. ಕೇಳಿದ ತಕ್ಷಣ ಸಿಗುವುದಿಲ್ಲ, ಮುಂದೆ ಆಟ ಒಂದು ಕ್ಷಣ ನಿಂತಾಗ ಅಥವಾ ಎದುರಿನವರು ಬುಟ್ಟಿ ಹಾಕಿದಾಗ ಸ್ಕೋರ್ ಬರೆಯುವವನು ನೆನಪಿಟ್ಟುಕೊಂಡು ಬಝರ್ ಒತ್ತಿಸಬೇಕು. ಆ ನೆನಪಿಟ್ಟುಕೊಳ್ಳುವ ಕೆಲಸ ನನ್ನದು. ಅವತ್ತು ಆ ಎರಡನೇ ಬುಟ್ಟಿ ಬಿದ್ದಾಗ ಚಂದ್ರು ನನ್ನ ಬೆನ್ನು ತಟ್ಟಿ, “ನೋಡು ಗುರು, ನಮ್ ಹರಿಕಥೆ ದಾಸರು ಈಗ ಮಂಗಳ ಹಾಡ್ತಾರೆ” ಎಂದ. ನಾನು ತಿರುಗಿ, “ಮಂಗಳ ಅಲ್ಲ ಕಣಯ್ಯಾ, ಮಣ್ಣಿನ ಮುದ್ದೆ ಅದು, ಬಾಯೇ ಬಿಡಲ್ಲ” ಎಂದೆ. ಮೆಟ್ಟಿಲು ನಕ್ಕಿತು. ಜನ ನಕ್ಕರೆ ನನಗೆ ಬಹಳ ಖುಷಿ, ಇನ್ನೊಂದು ಮಾತು ಸೇರಿಸೋಣ ಎಂದು ಹಾಗೆಯೇ ತಿರುಗಿ ಕೂತಿದ್ದೆ. ಆಗ ಮೇಜಿನ ಆ ಬದಿಯಿಂದ ಮೆತ್ತಗೆ ಒಂದು ದನಿ ಕೇಳಿಸಿತು. “ಟೈಮ್ ಔಟ್ ಕೊಡಿ ಸಾರ್.” ಗಡಿಯಾರದವರಿಗೆ ನಗುವಿನ ಗಲಾಟೆಯಲ್ಲಿ ಅದು ಕೇಳಿಸಿರಲಿಲ್ಲ. ನಾನು ತಿರುಗದೆಯೇ ಕೈ ಎತ್ತಿ, “ಆಯ್ತು ಆಯ್ತು” ಎಂದೆ. ಮನೆಯಲ್ಲಿ ಪದ್ಮ ಗ್ಯಾಸ್ ಬುಕ್ ಮಾಡಿ ಎಂದಾಗ ಹೇಳುವ ‘ಆಯ್ತು ಆಯ್ತು’ ಅದು. ಹೇಳಿದ ಕ್ಷಣಕ್ಕೇ ಮರೆತುಹೋಗುವಂಥದ್ದು.

ಆಮೇಲೆ ನಾನು ಆಟದ ಕಡೆ ತಿರುಗಿದೆ. ಎದುರಿನವರು ಮತ್ತೊಂದು ಬುಟ್ಟಿ ಹಾಕಿದರು. ನಾನು ಶೀಟಿನಲ್ಲಿ ನೀಟಾಗಿ ಬರೆದುಕೊಂಡೆ. ಬಝರ್ ಆಗಲಿಲ್ಲ. ಮುನಿರಾಜು ನನ್ನನ್ನು ನೋಡಿದರು. ಫೌಲ್ ಎಷ್ಟಾಯಿತು ಎಂದು ಕೇಳುತ್ತಿರಬೇಕು ಅಂದುಕೊಂಡು ನಾನು ನಗುತ್ತಾ ನಾಲ್ಕು ಬೆರಳು ತೋರಿಸಿದೆ. ಅವರು ಮೇಜಿನ ಕಡೆ ಹೆಜ್ಜೆ ಇಟ್ಟರು. ರೆಫರಿ ನಿಮ್ಮ ಜಾಗಕ್ಕೆ ಹೋಗಿ ಎಂದು ಕೈ ಮಾಡಿದರು. ಅವರು ಹೋಗಿ ಕೈಕಟ್ಟಿ ನಿಂತರು. ಬೇರೆ ಕೋಚಾಗಿದ್ದರೆ ಮೇಜು ಮಗುಚಿ ಹಾಕುತ್ತಿದ್ದ. ಇವರಿಗೆ ಕೂಗಲು ಬರುತ್ತಿರಲಿಲ್ಲ. ಎರಡು ಪಾಯಿಂಟಿನಿಂದ ಸೋತೆವು.

ಪಂದ್ಯ ಮುಗಿದ ಮೇಲೆ ಶೀಟಿನಲ್ಲಿ ಒಂದು ಕೆಲಸ ಉಳಿದಿರುತ್ತದೆ. ಬಳಸದೆ ಬಿಟ್ಟ ಟೈಮ್ ಔಟುಗಳ ಖಾನೆಗಳಿಗೆ ಸ್ಕೇಲ್ ಇಟ್ಟು ಎರಡು ಗೆರೆ ಎಳೆಯಬೇಕು, ಆಮೇಲೆ ಯಾರೂ ಏನೂ ತುಂಬಲಾಗದ ಹಾಗೆ. ನಮ್ಮ ತಂಡದ್ದು ಎರಡು ಖಾನೆ ಖಾಲಿ ಇದ್ದವು. ಸ್ಕೇಲ್ ಇಟ್ಟಾಗ ನನಗೆ ಆ ಮೆತ್ತನೆಯ ದನಿ ನೆನಪಾಯಿತು. ಹಿಂದೆ ಮೆಟ್ಟಿಲಿನಲ್ಲಿ ಆಗಲೇ, “ಟೈಮ್ ಔಟ್ ತಗೋಬೇಕು ಅನ್ನೋ ಜ್ಞಾನ ಇಲ್ವಾ ಆ ಮನುಷ್ಯಂಗೆ” ಎಂದು ಕೂಗು ಶುರುವಾಗಿತ್ತು. ಆಗ ನಾನು ಎದ್ದು ನಿಂತು, ‘ಕೇಳಿದ್ರು ಕಣ್ರಯ್ಯ, ನಾನು ಕೊಡ್ಲಿಲ್ಲ’ ಎಂದಿದ್ದರೆ ಹತ್ತು ನಿಮಿಷ ನನ್ನನ್ನು ಬೈದು ಸುಮ್ಮನಾಗುತ್ತಿದ್ದರು. ನಾನು ಗೆರೆ ಎಳೆದೆ. ಎರಡು ಖಾನೆ, ನಾಲ್ಕು ಗೆರೆ, ಒಂದೂ ಸೊಟ್ಟಗಿರಲಿಲ್ಲ.

ಅಂದು ಸಂಜೆ ದರ್ಶಿನಿಯಲ್ಲಿ ಬೈಟು ಕಾಫಿ ಹಿಡಿದು ನಿಂತ ನಮ್ಮ ಬಳಗದ ಬಾಯಿಗೆ ತಡೆಯೇ ಇರಲಿಲ್ಲ. ಯಾರೋ ಮೊಬೈಲಿನಲ್ಲಿ ಕೊನೆಯ ಎರಡು ನಿಮಿಷ ಹಿಡಿದಿದ್ದರು. ಅದರಲ್ಲಿ ತಂಡ ಮುಳುಗುತ್ತಿರುವುದು, ಮುನಿರಾಜು ಕೈಕಟ್ಟಿ ನಿಂತಿರುವುದು ಎರಡೂ ಒಟ್ಟಿಗೆ ಕಾಣುತ್ತಿತ್ತು. ವೀಡಿಯೊ ನಮ್ಮ ವಾಟ್ಸಾಪ್ ಗುಂಪಿಗೆ ಬಂತು, ಅಲ್ಲಿಂದ ಹಳೇ ವಿದ್ಯಾರ್ಥಿಗಳ ಗುಂಪಿಗೆ, ಅಲ್ಲಿಂದ ಆಡಳಿತ ಮಂಡಳಿಯವರ ಮಕ್ಕಳ ಮೊಬೈಲಿಗೆ. ‘ಕಂಬಕ್ಕೆ ಷರ್ಟ್ ಹಾಕಿ ನಿಲ್ಲಿಸಿದ್ರೂ ಇದೇ ಕೆಲಸ ಮಾಡ್ತಿತ್ತು’ ಎಂದು ಒಬ್ಬರು ಬರೆದರು. ಅದಕ್ಕೆ ಹೆಬ್ಬೆರಳು ಎತ್ತಿದವರಲ್ಲಿ ನಾನೂ ಒಬ್ಬ. ಎತ್ತದಿದ್ದರೆ ಅನುಮಾನ ಬರಬಹುದು ಎಂದು ಎತ್ತಿದೆ. ಒಂದು ಗುಂಪಿನಲ್ಲಿ ಇನ್ನೂರು ಜನರಿದ್ದಾಗ ನನ್ನ ಹೆಬ್ಬೆರಳನ್ನು ಯಾರೂ ಎಣಿಸುವುದಿಲ್ಲ ಎಂಬ ಬುದ್ಧಿಯೂ ಆಗ ಇರಲಿಲ್ಲ.

ಮೂರು ದಿನ ಬಿಟ್ಟು ಪ್ರಿನ್ಸಿಪಾಲರು ಶೀಟು ತೆಗೆದುಕೊಂಡು ಬರುವಂತೆ ನನಗೆ ಹೇಳಿ ಕಳುಹಿಸಿದರು. ಕೋಣೆಯಲ್ಲಿ ಮುನಿರಾಜು ಇದ್ದರು, ಕ್ಯಾಪ್ಟನ್ ಎಂದು ರಮ್ಯಾಳನ್ನೂ ಕರೆಸಿದ್ದರು.

“ಎರಡು ಟೈಮ್ ಔಟ್ ಇಟ್ಕೊಂಡು ಯಾಕ್ರೀ ತಗೊಳ್ಲಿಲ್ಲ?” ಎಂದು ಪ್ರಿನ್ಸಿಪಾಲರು ಕೇಳಿದರು.

“ಕೇಳಿದ್ದೆ ಸಾರ್. ಟೇಬಲ್ ಹತ್ರ ಹೋಗಿ ಕೇಳಿದ್ದೆ. ಆಯ್ತು ಅಂದ್ರು” ಎಂದರು ಮುನಿರಾಜು.

“ಯಾರು ಅಂದ್ರು?”

ಮುನಿರಾಜು ನನ್ನನ್ನು ನೋಡಿದರು. ಹೆಸರು ಹೇಳಲಿಲ್ಲ. ನನಗೇ ಬಿಟ್ಟುಕೊಟ್ಟರು. ಆ ಮರ್ಯಾದೆಯನ್ನು ನಾನು ಹೇಗೆ ಉಪಯೋಗಿಸಿಕೊಂಡೆ ಕೇಳಿ.

“ಏನ್ರೀ, ಕೇಳಿದ್ರಾ ಇವ್ರು?” ಎಂದು ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು.

“ಶೀಟಲ್ಲಿ ಇಲ್ಲ ಸಾರ್” ಎಂದೆ.

ಸುಳ್ಳು ಹೇಳಲಿಲ್ಲ ಎಂದು ಆ ಕ್ಷಣ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಶೀಟಿನಲ್ಲಿ ಇರಲಿಲ್ಲವಲ್ಲ. ಆಗ ರಮ್ಯಾ, “ಸಾರ್ ಕೇಳಿದ್ರು. ನಾನು ನೋಡ್ದೆ” ಎಂದಳು. ಪ್ರಿನ್ಸಿಪಾಲರು ಮತ್ತೆ ನನ್ನತ್ತ ನೋಡಿದರು. ನಾನು ಸುಮ್ಮನಿದ್ದರೂ ಸಾಕಿತ್ತು. ಆದರೆ ಲೈಬ್ರರಿಯಲ್ಲಿ ಮಕ್ಕಳಿಗೆ ಪುಸ್ತಕ ಹುಡುಕಿಕೊಡುವಾಗಿನ ಪ್ರೀತಿಯ ದನಿಯನ್ನೇ ತಂದುಕೊಂಡು, “ನಿನ್ನ ಗಮನ ಆಟದ ಮೇಲಿತ್ತು ಮಗು. ಆ ಗಲಾಟೇಲಿ ಹಾಗೆ ಅನ್ಸಿರತ್ತೆ ಅಷ್ಟೇ” ಎಂದೆ. ಅವಳು ನನ್ನನ್ನೇ ನೋಡಿದಳು, ಆಮೇಲೆ ತಲೆ ತಗ್ಗಿಸಿದಳು. ಪ್ರಿನ್ಸಿಪಾಲರು, “ಸರಿ, ನೀನು ಕ್ಲಾಸಿಗೆ ಹೋಗಮ್ಮ” ಎಂದರು.

ಮುನಿರಾಜು ಅವರ ಒಪ್ಪಂದ ಮುಂದುವರಿಯಲಿಲ್ಲ. ಹೋಗುವವರು ಎಲ್ಲ ವಿಭಾಗಗಳಿಂದಲೂ ಸಹಿ ಮಾಡಿಸಿಕೊಳ್ಳಬೇಕಲ್ಲ, ಕೊನೆಗೆ ಲೈಬ್ರರಿಗೂ ಬಂದರು. ‘ಇವರಿಂದ ಯಾವ ಪುಸ್ತಕವೂ ಬಾಕಿ ಇಲ್ಲ’ ಎನ್ನುವ ಸಾಲಿನ ಕೆಳಗೆ ನಾನು ಸಹಿ ಹಾಕಬೇಕಿತ್ತು. ಅವರು ಮೇಜಿನ ಮುಂದೆ ನಿಂತಿದ್ದರು, ಲೈಬ್ರರಿಯಲ್ಲಿ ಬೇರೆ ಯಾರೂ ಇರಲಿಲ್ಲ. ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದು ಸಾಧ್ಯವೇ ಇರಲಿಲ್ಲ. ನಾನು ಸಹಿ ಹಾಕಿ, ಸೀಲ್ ಒತ್ತಿ, ಮಸಿ ಒಣಗಲೆಂದು ಊದಿ ಕೊಟ್ಟೆ. ಅವರು “ಥ್ಯಾಂಕ್ಸ್ ಸಾರ್” ಎಂದು ಹೇಳಿ ಹೋದರು. ಅವತ್ತಿನಷ್ಟು ನಾನು ನನ್ನ ಬಗ್ಗೆ ಯಾವತ್ತೂ ಹೇಸಿಕೊಂಡಿಲ್ಲ.

ಹೊಸ ಕೋಚ್ ಬಂದರು. ಬಹಳ ಚೆನ್ನಾಗಿ ಕೂಗುತ್ತಿದ್ದರು. ಮೊದಲ ತಿಂಗಳು ಮೂರನೇ ಮೆಟ್ಟಿಲಿಗೆ ಹಬ್ಬ. “ಇದಪ್ಪಾ ಕೋಚ್ ಅಂದ್ರೆ” ಎಂದ ಚಂದ್ರು. ತಂಡ ಸೋಲುತ್ತಲೇ ಇತ್ತು. ಎರಡನೇ ತಿಂಗಳಿಗೆ, “ಬರೀ ಬಾಯಿ ಮಗಾ, ತಲೇಲಿ ಏನೂ ಇಲ್ಲ” ಎಂದು ಶುರುವಾಯಿತು. ಆ ಬಾಯಿಗಳಿಗೆ ಬೇಕಿದ್ದದ್ದು ಗೆಲುವಲ್ಲ, ದಿನಾ ಅಗಿಯಲು ಒಬ್ಬ ಮನುಷ್ಯ ಎಂದು ನನಗೆ ಆಗ ಅರ್ಥವಾಯಿತು. ಹೀಗೆ ಬರೆಯುವಾಗ ನಾನು ಅವರಿಂದ ಬೇರೆ ನಿಂತು ನೋಡುತ್ತಿರುವಂತೆ ಕಾಣುತ್ತದೆ. ನಂಬಬೇಡಿ. ಅವರಲ್ಲಿ ಯಾರೂ ಸ್ಕೇಲ್ ಹಿಡಿದು ಗೆರೆ ಎಳೆದವರಲ್ಲ.

ನಾನು ನಿವೃತ್ತನಾದ ದಿನ ಬೀಳ್ಕೊಡುಗೆಯಲ್ಲಿ ಪ್ರಿನ್ಸಿಪಾಲರು ‘ಒಂದು ಅಕ್ಷರ ತಪ್ಪಿಲ್ಲದ ದಾಖಲೆ ಇಟ್ಟವರು’ ಎಂದು ಹೊಗಳಿದರು. ಪಕ್ಕದಲ್ಲಿ ರೇಷ್ಮೆ ಸೀರೆಯುಟ್ಟು ಕೂತಿದ್ದ ಪದ್ಮಳಿಗೆ ಬಹಳ ಸಂತೋಷವಾಯಿತು. ಮನೆಗೆ ಬಂದು ಹಾರ ತೆಗೆದಿಟ್ಟ ಮೇಲೆ ನಾನು ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಹಾರದಿಂದ ಉದುರಿದ ಹೂವೆಸಳುಗಳನ್ನು ಆರಿಸಿದಳು. ಆಮೇಲೆ, “ನನಗೆ ಹೇಳಿ ಏನು ಬಂತು” ಎಂದಳು. ಮಾರನೇ ದಿನ ಪ್ರಿನ್ಸಿಪಾಲರಿಗೆ ಕಾಗದ ಬರೆದೆ. ಉತ್ತರ ಬರಲಿಲ್ಲ. ಚಂದ್ರುವಿನ ಅಂಗಡಿಗೆ ಹೋಗಿ ಅವನಿಗೂ ಹೇಳಿದೆ. ಅವನು ಕೈಯಲ್ಲಿದ್ದ ಹಾಳೆಗಳನ್ನು ಜೋಡಿಸುತ್ತಾ, “ಬಿಡು ಗುರು, ಒಂದು ಟೈಮ್ ಔಟ್ ಕೊಟ್ಟಿದ್ರೆ ಏನು ಕಿತ್ತು ಗುಡ್ಡೆ ಹಾಕ್ತಿದ್ರು? ಆ ಟೀಮೇ ಅಷ್ಟು” ಎಂದ. ಒಂದು ವರ್ಷ ಆ ಒಂದು ನಿಮಿಷವನ್ನೇ ಹಿಡಿದುಕೊಂಡು ಒಬ್ಬ ಮನುಷ್ಯನನ್ನು ಜಾಡಿಸಿದವನು ಅವನೇ.

ಕೊನೆಗೆ ಮುನಿರಾಜು ಅವರನ್ನು ಹುಡುಕಿಕೊಂಡು ಹೋದೆ. ಸುಂಕದಕಟ್ಟೆಯ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಆಟ ಹೇಳಿಕೊಡುತ್ತಿದ್ದಾರೆಂದು ಗೊತ್ತಾಯಿತು. ಅರ್ಧ ಕೋರ್ಟು, ಒಂದೇ ಕಂಬ. ನೆಲದ ಮೇಲೆ ಸೀಮೆಸುಣ್ಣದ ಗುರುತುಗಳು. ಅವರು ನನ್ನನ್ನು ನೋಡಿ ಕುರ್ಚಿ ತರಿಸಿದರು. ನಾನು ಕೂರದೆ ನಿಂತೇ ಎಲ್ಲ ಹೇಳಿದೆ. ಅವರು ಮಕ್ಕಳ ಕಡೆ ಒಂದು ಕಣ್ಣಿಟ್ಟುಕೊಂಡೇ ಕೇಳಿದರು.

“ಈಗ ಹೇಳಿದ್ರಿ, ನಿಮಗೆ ಹಗುರ ಆಯ್ತು. ನನಗೆ ಏನಾಗ್ಬೇಕು ಅಂತ ಹೇಳಿ ಸಾರ್” ಎಂದರು. ದನಿ ಆಗಲೂ ಏರಲಿಲ್ಲ. “ಹದಿನಾಲ್ಕು ವರ್ಷ ಇದ್ದೆ ಅಲ್ಲಿ. ಮನೇಲಿ ನನ್ನ ಹೆಂಡತೀನೂ ಕೇಳಿದ್ಲು, ನಿಜವಾಗ್ಲೂ ಕೇಳಿದ್ರಾ ನೀವು ಅಂತ. ಹೋಗ್ತಾ ಹೋಗ್ತಾ ನನಗೇ ಅನುಮಾನ ಬಂತು. ಕೇಳಿದ್ನೋ ಇಲ್ವೋ ಅಂತ.”

ನಾನು ಕೈ ಮುಗಿದೆ. ಅವರು ಮುಖ ತಿರುಗಿಸಿದರು. ಆಮೇಲೆ, “ರಮ್ಯಾಗೆ ಹೇಳಿದ್ರಾ?” ಎಂದರು.

“ಇಲ್ಲ.”

“ಅವಳಿಗೆ ಹೇಳಿ ಮೊದ್ಲು. ನನ್ನ ಪರ ಮಾತಾಡಿದ್ದು ಅವಳೊಬ್ಳೇ. ಪ್ರಿನ್ಸಿಪಾಲರ ಮುಂದೆ ಸುಳ್ಳುಗಾತಿ ಆದ್ಲು. ಆಮೇಲೆ ಎಷ್ಟು ಸಲ ಫೋನ್ ಮಾಡಿದೆ, ಎತ್ತಲ್ಲ. ಆಟಾನೂ ಬಿಟ್ಲಂತೆ. ಬೇಜಾರಾಗಿರ್ಬೇಕು ಮಗೂಗೆ.”

ರಮ್ಯಾ ಅತ್ತಿಗುಪ್ಪೆಯ ಒಂದು ಟ್ಯೂಷನ್ ಸೆಂಟರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಳು. ಸಂಜೆ ಅವಳು ಹೊರಗೆ ಬರುವ ಹೊತ್ತಿಗೆ ಮೆಟ್ರೊ ಸ್ಟೇಷನ್ನಿನ ಮೆಟ್ಟಿಲ ಬಳಿ ಕಾದು ನಿಂತೆ. “ಲೈಬ್ರರಿ ಸಾರ್” ಎಂದು ಅವಳೇ ಗುರುತು ಹಿಡಿದು ನಕ್ಕಳು. ಆ ನಗು ನೋಡಿ ಹಿಂದಿರುಗಿ ಹೋಗಿಬಿಡೋಣ ಎನ್ನಿಸಿತು. ಹೇಳಿದೆ. ಜನ ನಮ್ಮಿಬ್ಬರನ್ನು ತಳ್ಳಿಕೊಂಡು ಹತ್ತಿ ಇಳಿಯುತ್ತಿದ್ದರು. ‘ನೀನು ನೋಡಿದ್ದು ನಿಜ ಕಣಮ್ಮ, ಅವರು ಕೇಳಿದ್ರು, ನಾನೇ ನಿನ್ನನ್ನು ಸುಳ್ಳು ಮಾಡಿದೆ’ ಎಂದೆ.

ಅವಳು ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. “ನಾನು ನೋಡಿರ್ಲಿಲ್ಲ ಸಾರ್” ಎಂದಳು.

ನನಗೆ ತಿಳಿಯಲಿಲ್ಲ.

“ನೀವು ಹೇಳಿದ್ದು ಕರೆಕ್ಟು. ನನ್ನ ಗಮನ ಆಟದ ಮೇಲಿತ್ತು. ನಾನು ಏನೂ ನೋಡಿರ್ಲಿಲ್ಲ. ಕೋಚ್ ಸಾರ್ ಕೇಳಿದ್ದೆ ಅಂದ್ರಲ್ಲ, ಅವ್ರು ಸುಳ್ಳು ಹೇಳಲ್ಲ ಅಂತ ಗೊತ್ತಿತ್ತು, ಅದಕ್ಕೇ ನೋಡ್ದೆ ಅಂದುಬಿಟ್ಟೆ.” ಅವಳು ಹತ್ತುವವರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. “ಆದ್ರೆ ನೀವು ಅಷ್ಟು ಪ್ರೀತಿಯಿಂದ ಇಲ್ಲ ಮಗು ಅಂದ್ರಿ. ನೀವೂ ಸುಳ್ಳು ಹೇಳೋರಲ್ಲ ಅಂತ ಅಂದ್ಕೊಂಡಿದ್ದೆ. ಹಾಗಾದ್ರೆ ಕೋಚ್ ಸಾರೇ ಸುಳ್ಳು ಹೇಳಿರ್ಬೇಕು ಅನ್ಸ್ತು. ನನ್ನ ಕೈಲಿ ಸುಳ್ಳು ಹೇಳಿಸ್ಬಿಟ್ರಲ್ಲ ಅಂತ ಸಿಟ್ಟು ಬಂತು. ಅದಕ್ಕೇ ಅವರ ಫೋನ್ ಎತ್ತಲಿಲ್ಲ. ಒಂದ್ಸಲ ಮನೆ ಹತ್ರ ಬಂದಿದ್ರು. ಅಮ್ಮನ ಕೈಲಿ ಇಲ್ಲ ಅಂತ ಹೇಳ್ಸಿದೆ. ಒಳಗೇ ಇದ್ದೆ.”

“ಈಗ ಒಂದು ಫೋನ್ ಮಾಡಮ್ಮ. ತಪ್ಪು ನಂದು ಅಂತ ನಾನು ಹೇಳಿದೀನಿ” ಎಂದೆ.

“ನಿಮ್ಮ ತಪ್ಪು ನೀವು ಹೇಳಿದ್ರಿ ಸಾರ್” ಎಂದಳು. “ನಂದು ನಾನು ಏನಂತ ಹೇಳ್ಲಿ?”

ಉತ್ತರಕ್ಕೆಂದು ಅವಳು ನನ್ನ ಮುಖ ನೋಡುತ್ತಾ ನಿಂತಳು.